ಹೆದರಿಸದ ಇನ್‌ಸ್ಪೆಕ್ಟರು: ಪಂಜೆ ಮಂಗೇಶರಾಯರು

ವಾರವೆಲ್ಲ ಐಟಿ ಕೆಲಸ, ಭಾನುವಾರ ಹೈದರಾಬಾದಿನ ನಮ್ಮ ಮಕ್ಕಳಿಗೆ ಕನ್ನಡ ಪಾಠ, ಇದು ನನ್ನ ದಿನಚರಿ. ಕಳೆದ ವರ್ಷ ಉಕ್ತಲೇಖನದ ಪರೀಕ್ಷೆ ಕೊಟ್ಟಿದ್ದೆ. 20ಕ್ಕೆ 4 ಅಂಕ ಬಂದ ಹುಡುಗಿಯೊಬ್ಬಳು ಮರುವಾರದಿಂದ ಬರಲೇ ಇಲ್ಲ. ಅಜ್ಜಿಯ ಜೊತೆ ಪಟಪಟನೆ ಕನ್ನಡ ಮಾತಾಡುವ ಮಗು ಅದು. ಆ ಕನ್ನಡ ನನ್ನ ಪರೀಕ್ಷೆಯ ಕಣ್ಣಿಗೆ ಬೀಳಲಿಲ್ಲ. ಆ ಬೇಸರದಲ್ಲಿ ನೆನಪಾದವರು ಪಂಜೆ ಮಂಗೇಶರಾಯರು.

ಪಂಜೆಯವರು ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ, ಊರಿನ ಮಾತು ತುಳು, ಶಾಲೆಯಲ್ಲಿ ಕನ್ನಡ. ನಮ್ಮ ಮಕ್ಕಳಂತೆ ಅವರೂ ಹಲವು ಭಾಷೆಗಳ ನಡುವೆ ಬೆಳೆದವರು. ಬಡತನದಲ್ಲೇ ಓದಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು, ಮುಂದೆ ಶಾಲಾ ಇನ್‌ಸ್ಪೆಕ್ಟರಾದರು.

ಆಗ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮಕ್ಕಳಿಗೂ ಮೇಷ್ಟರಿಗೂ ನಡುಕ. ಪಂಜೆಯವರು ಬಂದರೆ ಮಾತ್ರ ಕಥೆ, ಹಾಡು, ಅಭಿನಯ. ಮಕ್ಕಳು ಹೆದರಿಕೆ ಮರೆತು ದನಿಗೂಡಿಸುತ್ತಿದ್ದರು. ಪರೀಕ್ಷೆ ನಡೆಯುತ್ತಿದೆ ಎಂಬುದು ಮರೆತಾಗಲೇ ಮಗು ತನಗೆ ಬರುವುದನ್ನೆಲ್ಲ ತೋರಿಸುತ್ತದೆ. ಅವರ ಬದುಕಿನಿಂದ ನಾನು ಕಲಿತ ಪಾಠ ಇದು.

ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಕಥೆಯನ್ನೇ ನೋಡಿ. ಒಂದು ‘ಯಾಕೆ’ಗೆ ಉತ್ತರ ಸಿಕ್ಕಿತು ಎನ್ನುವಷ್ಟರಲ್ಲಿ ಇನ್ನೊಂದು ‘ಯಾಕೆ’ ಹುಟ್ಟುತ್ತದೆ. ಒಬ್ಬರು ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು. ನೆನಪು, ವಾಕ್ಯರಚನೆ, ಕಾರ್ಯಕಾರಣ ಎಲ್ಲವೂ ಆಟದಲ್ಲೇ ತಿಳಿದುಬಿಡುತ್ತದೆ. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಅವರು ಬರೆದ ಪದ್ಯಗಳೂ ಹಾಗೆಯೇ. ‘ನಾಗರ ಹಾವೆ’ಯನ್ನು ಕೈ ಆಡಿಸದೆ ಹೇಳಿದ ಮಕ್ಕಳುಂಟೆ?

ಮಂಗಳೂರಿನ ಬಾಸೆಲ್ ಮಿಷನ್‌ಗಾಗಿ ಅವರು ಕನ್ನಡ ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿದರು. 1921ರಲ್ಲಿ ಗೆಳೆಯರೊಡನೆ ಬಾಲಸಾಹಿತ್ಯ ಮಂಡಲ ಕಟ್ಟಿದರು. ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ‘ಹುತ್ತರಿ ಹಾಡು’ ಬರೆದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ರಾಯಚೂರು ಆಗ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಮೂರು ವರ್ಷದ ನಂತರ, 1937ರ ಅಕ್ಟೋಬರ್ 25ರಂದು, ಅವರು ಕೊನೆಯುಸಿರೆಳೆದದ್ದೂ ನಮ್ಮ ಈ ಹೈದರಾಬಾದಿನಲ್ಲೇ. ಇಷ್ಟು ವರ್ಷ ಇಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ಕಾಗುಣಿತ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನೂ ಕಲಿಸಲೇಬೇಕು. ಆದರೆ ಈಗ ನಮ್ಮ ತರಗತಿಯಲ್ಲಿ ಮೊದಲು ಕಥೆ ಕಟ್ಟುವ ಆಟ. ಯಾರು ಎಲ್ಲಿ ತಡವರಿಸಿದರು ಎಂದು ನಾನು ನನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ, ಮುಂದಿನ ವಾರದ ಪಾಠಕ್ಕೆ ಅದೇ ದಾರಿ. ಅಂಕ ಓದಿ ಹೇಳುವುದನ್ನು ಬಿಟ್ಟಿದ್ದೇನೆ.

ಮೊನ್ನೆ ಆ ಹುಡುಗಿಯ ಮನೆಗೆ ಹೋಗಿದ್ದೆ. ಮೊದಲು ಅಜ್ಜಿಯ ಸೆರಗಿನ ಹಿಂದೆ ನಿಂತಳು. ಸಿಗಡಿಯ ಕಥೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಆಮೇಲೆ ಯಾಕೆ ಒಣಗಲಿಲ್ಲ ಆಂಟಿ ಎಂದು ಕೇಳಿಯೇಬಿಟ್ಟಳು. ಉತ್ತರ ಭಾನುವಾರ ಸಿಗುತ್ತದೆ ಎಂದು ಹೇಳಿ ಬಂದಿದ್ದೇನೆ.