ಮೂಕಜೀವಿಗಳ ನ್ಯಾಯವಾದಿ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮುಂತಾದ ಜನನಿಬಿಡ ಬಡಾವಣೆಗಳಿವೆ. ಇಲ್ಲಿನ ಬೀದಿಯೊಂದರಲ್ಲಿ ಯಾವನೋ ಒಬ್ಬನು ನಾಯಿಯನ್ನು ದೊಣ್ಣೆಯಿಂದ ಬಡಿದು ಅದರ ಕಾಲನ್ನು ಮುರಿದನೆಂದು ಭಾವಿಸೋಣ. ನೊಂದ ನಾಯಿ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಲಾರದು. ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ನುಡಿಯಲಾರದು. ಆದರೆ ಆ ಕೃತ್ಯವನ್ನು ಕಂಡವರು ಅದರ ಪರವಾಗಿ ಕಾನೂನಿನ ಮೊರೆ ಹೋಗಬಹುದು. ಇಂತಹ ಕಾನೂನು ದೇಶಕ್ಕೆ ದೊರೆಯುವಂತೆ ಶ್ರಮಿಸಿದವರಲ್ಲಿ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ಅಗ್ರಗಣ್ಯರು.

ರುಕ್ಮಿಣೀದೇವಿಯವರು 1904ನೆಯ ಇಸವಿ ಫೆಬ್ರವರಿ 29ರಂದು ಮಧುರೆಯಲ್ಲಿ ಜನಿಸಿದರು. ತಂದೆ ನೀಲಕಂಠ ಶಾಸ್ತ್ರಿಗಳು ಇಂಜಿನಿಯರರು, ಸಂಸ್ಕೃತದಲ್ಲಿಯೂ ವಿದ್ವಾಂಸರು. ಅವರು ಥಿಯಾಸಾಫಿಕಲ್ ಸೊಸೈಟಿಯ ತತ್ತ್ವಗಳಿಗೆ ಒಲಿದುದರಿಂದ ಕುಟುಂಬವು ಮದರಾಸಿನ ಅಡ್ಯಾರಿನಲ್ಲಿ ನೆಲೆಸಿತು. ಸಕಲ ಜೀವಿಗಳೂ ಒಂದೇ ಎಂಬ ಭಾವನೆ ಬಾಲಕಿಯ ಮನಸ್ಸಿನಲ್ಲಿ ಅಲ್ಲಿ ಬೇರೂರಿತು. 1920ರಲ್ಲಿ ಅವರು ಆಂಗ್ಲ ವಿದ್ವಾಂಸರಾದ ಜಾರ್ಜ್ ಅರುಂಡೇಲರನ್ನು ವರಿಸಿದರು. ಸಮಾಜವು ಈ ವಿವಾಹವನ್ನು ಕಟುವಾಗಿ ಟೀಕಿಸಿತು. ಮುಂದೆ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ನಾಟ್ಯವನ್ನು ಕಲಿತು 1935ರಲ್ಲಿ ರಂಗವೇರಿದಾಗಲೂ ವಿರೋಧ ತಪ್ಪಲಿಲ್ಲ. ಅವರು ಅಂಜಲಿಲ್ಲ. 1936ರಲ್ಲಿ ಸ್ಥಾಪಿಸಿದ ಕಲಾಕ್ಷೇತ್ರವು ಭರತನಾಟ್ಯಕ್ಕೆ ಗೌರವದ ಸ್ಥಾನವನ್ನು ತಂದಿತು.

1952ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. ಕಲಾವಿದೆಯಾಗಿ ದೊರೆತ ಆ ಸ್ಥಾನವನ್ನು ಅವರು ಮತದಾನದ ಹಕ್ಕಿಲ್ಲದ ಮೂಕಜೀವಿಗಳಿಗಾಗಿ ಮುಡಿಪಾಗಿಟ್ಟರು. ಪ್ರಾಣಿಗಳನ್ನು ಕ್ರೌರ್ಯದಿಂದ ರಕ್ಷಿಸಲು 1890ರ ಕಾಯಿದೆಯೊಂದು ಇದ್ದಿತಾದರೂ ಅದರ ವ್ಯಾಪ್ತಿ ಬಹಳ ಕಿರಿದಾಗಿತ್ತು. ರುಕ್ಮಿಣೀದೇವಿಯವರು ತಾವೇ ಒಂದು ಖಾಸಗಿ ಮಸೂದೆಯನ್ನು ಸಭೆಯ ಮುಂದಿರಿಸಿದರು. ಸರ್ಕಾರವೇ ವಿಸ್ತಾರವಾದ ಕಾನೂನನ್ನು ತರುವುದೆಂದು ಪ್ರಧಾನಿ ನೆಹರೂ ಅವರು ಭರವಸೆಯಿತ್ತ ಮೇಲೆ ಅದನ್ನು ಹಿಂತೆಗೆದುಕೊಂಡರು. ಸಮಿತಿಯ ಪರಿಶೀಲನೆಯಲ್ಲಿ ವರ್ಷಗಳು ಉರುಳಿದವು. ಕೊನೆಗೆ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ನಿವಾರಣಾ ಕಾಯಿದೆ ಅಂಗೀಕಾರವಾಯಿತು.

ಪ್ರಾಣಿಯನ್ನು ಹೊಡೆದು ಒದ್ದು ಹಿಂಸಿಸುವುದು, ಅನ್ನನೀರು ಕೊಡದಿರುವುದು, ಸಾಕಿದ ಪ್ರಾಣಿಯನ್ನು ನಿಷ್ಕಾರಣವಾಗಿ ತೊರೆಯುವುದು ಈ ಕಾಯಿದೆಯಂತೆ ಅಪರಾಧಗಳು. ನಾಯಿಯನ್ನು ಸದಾ ಸರಪಳಿಯಲ್ಲಿ ಬಿಗಿದು, ಅಡ್ಡಾಡಲು ಬಿಡದ ಒಡೆಯನೂ ಅಪರಾಧಿಯೇ. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾದಾಗ ರುಕ್ಮಿಣೀದೇವಿಯವರೇ ಅದರ ಪ್ರಥಮ ಅಧ್ಯಕ್ಷೆಯಾದರು. 1977ರಲ್ಲಿ ರಾಷ್ಟ್ರಪತಿ ಪದವಿಗೆ ಅವರ ಹೆಸರನ್ನು ಸೂಚಿಸಲು ಪ್ರಧಾನಿ ಮೊರಾರ್ಜಿ ದೇಸಾಯಿಯವರು ಮುಂದಾದರು. ಅವರು ಅದನ್ನು ವಿನಯದಿಂದ ನಿರಾಕರಿಸಿದರು. 1986ರ ಫೆಬ್ರವರಿ 24ರಂದು ಅವರು ನಿಧನ ಹೊಂದಿದರು.

ಅವರ ಕಾರ್ಯ ಪೂರ್ಣವಾಯಿತೆನ್ನಲಾಗದು. ಮೊದಲ ಬಾರಿ ಹಿಂಸೆ ಮಾಡಿದವನಿಗೆ ಕಾಯಿದೆಯು ಗೊತ್ತುಪಡಿಸಿದ ದಂಡ 50 ರೂಪಾಯಿಗಳನ್ನು ಮೀರುವುದಿಲ್ಲ. ಅರುವತ್ತು ವರ್ಷಗಳು ಕಳೆದರೂ ಆ ಮೊತ್ತ ಬೆಳೆಯಲಿಲ್ಲ. ಆದರೆ ಪ್ರಾಣಿಯನ್ನು ಕೊಲ್ಲುವ, ವಿಷವಿಕ್ಕುವ ಅಥವಾ ಅಂಗಹೀನಗೊಳಿಸುವ ದುಷ್ಕೃತ್ಯಕ್ಕೆ ಬೇರೆಯೇ ಶಿಕ್ಷೆಯಿದೆ. ಹಿಂದಿನ ದಂಡಸಂಹಿತೆಯಲ್ಲಿ ಈ ಶಿಕ್ಷೆಯು ಪ್ರಾಣಿಯ ಬೆಲೆಯನ್ನು ಅವಲಂಬಿಸಿತ್ತು. ಬೀದಿಯ ನಾಯಿಗೆ ಬೆಲೆ ಕಟ್ಟುವವರಾರು? 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಬೆಲೆಯ ಮಾತನ್ನು ಕೈಬಿಟ್ಟು, ಐದು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಲು ಅವಕಾಶ ಕಲ್ಪಿಸಿದೆ.

ನಾಯಿಯ ಕಡಿತಕ್ಕೂ ರೇಬೀಸ್ ರೋಗಕ್ಕೂ ಜನರು ಅಂಜುವುದು ಸಹಜ. ಅದಕ್ಕೆ ಪರಿಹಾರ ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆಯೇ ಹೊರತು ಕಲ್ಲು, ದೊಣ್ಣೆ, ವಿಷಗಳಲ್ಲ.

1960ರ ಕಾಯಿದೆಯಂತೆ ಅಪರಾಧ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕು. ಕಂಡವರು ಸುಮ್ಮನಿದ್ದರೆ ಆ ಅವಧಿ ಕಳೆಯುತ್ತದೆ, ಅಪರಾಧಿ ಪಾರಾಗುತ್ತಾನೆ. ಕನಿಕರವು ಕಣ್ಣೀರಿನಲ್ಲಿಯೇ ಮುಗಿಯಬಾರದೆಂದು ರುಕ್ಮಿಣೀದೇವಿಯವರು ಅದಕ್ಕೆ ಕಾನೂನಿನ ಬಲವನ್ನು ತಂದಿತ್ತರು. ಆ ಕಾನೂನಿಗೆ ಜೀವ ಬರುವುದು ಕಂಡದ್ದನ್ನು ಕಂಡಂತೆ ಹೇಳುವ ಧೈರ್ಯವುಳ್ಳ ಸಾಕ್ಷಿಗಳಿಂದ.