ಹಾಲುಹಲ್ಲಿಗೆ ಬೇರೇ ಇಲ್ಲವೇ? ಯೂಸ್ಟಾಕಿ ಕಂಡ ಸತ್ಯ

ಉದುರಿದ ಹಾಲುಹಲ್ಲಿನಲ್ಲಿ ಬೇರು ಕಾಣದು. ಅದು ದವಡೆಯಲ್ಲೇ ಉಳಿದು ಹೊಸ ಹಲ್ಲಾಗಿ ಚಿಗುರುತ್ತದೆ ಎಂದು ಹಿಂದೆ ನಂಬಿದ್ದರು.

ಇದು ತಪ್ಪೆಂದು ತೋರಿಸಿದವರು ಇಟಲಿಯ ವೈದ್ಯ ಬಾರ್ತೊಲೊಮಿಯೊ ಯೂಸ್ಟಾಕಿ. ಕಿವಿಯಿಂದ ಗಂಟಲಿಗೆ ಹೋಗುವ ಯೂಸ್ಟೇಷಿಯನ್ ನಾಳಕ್ಕೆ ಇವರದೇ ಹೆಸರು. ರೋಮ್‌ನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಅವರು, ಸತ್ತು ಹುಟ್ಟಿದ ಶಿಶುಗಳ ದವಡೆ ಬಿಡಿಸಿ ನೋಡಿದರು. ಮುಂದಿನ ಹಾಲುಹಲ್ಲುಗಳ ಹಿಂದೆ, ತೆಳು ಮೂಳೆಯಾಚೆ, ಶಾಶ್ವತ ಹಲ್ಲಿನ ಮೊಳಕೆಗಳು ಬೇರೆಯೇ ಇದ್ದವು. 1563ರಲ್ಲಿ ಹಲ್ಲುಗಳ ಬಗ್ಗೆಯೇ ಪುಸ್ತಕ ಪ್ರಕಟಿಸಿದರು, 1574ರಲ್ಲಿ ತೀರಿಕೊಂಡರು.

ವಾಸ್ತವವೇನು? 20 ಹಾಲುಹಲ್ಲುಗಳಿಗೂ ಬೇರಿದೆ. ಹೊಸ ಹಲ್ಲು ಮೇಲೇರುವಾಗ ಅದು ಕರಗುತ್ತದೆ, ಅಷ್ಟೇ. ಹೇಗೂ ಬೀಳುವ ಹಲ್ಲೆಂದು ಮಗುವಿನ ಹುಳುಕನ್ನು ಕಡೆಗಣಿಸಬೇಡಿ. ಅದರ ಸೋಂಕು ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲನ್ನೂ ಕೆಡಿಸಬಹುದು.