ಕಂಕನಾಡಿಯ ರೋಗಿಗಳ ಗುರು: ವಂದನೀಯ ಫಾದರ್ ಆಗಸ್ಟಸ್ ಮುಲ್ಲರ್

ಫಾದರ್ ಮುಲ್ಲರ್ ಎಂಬ ಹೆಸರನ್ನು ಕೇಳದವರು ಕರಾವಳಿಯಲ್ಲಿ ವಿರಳ. ಹೆಚ್ಚಿನವರಿಗೆ ಅದು ಮಂಗಳೂರಿನ ಕಂಕನಾಡಿಯಲ್ಲಿರುವ ಆಸ್ಪತ್ರೆಯ ಹೆಸರು. ಆ ಹೆಸರಿನ ಹಿಂದೆ ಪ್ರಾರ್ಥನೆಯಿಂದ ದಿನವನ್ನು ಆರಂಭಿಸಿ ರೋಗಿಗಳ ನಡುವೆ ಅದನ್ನು ಕಳೆದ ಒಬ್ಬ ಧರ್ಮಗುರುವಿನ ಬದುಕಿದೆ.

ಆಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತದಲ್ಲಿ ಜನಿಸಿದರು. 1861ರಲ್ಲಿ ಯೇಸುಸಭೆಯನ್ನು ಸೇರಿದರು. ಮಂಗಳೂರಿನ ಕಥೋಲಿಕರು ತಮ್ಮ ಮಕ್ಕಳಿಗೆ ಉನ್ನತ ಶಿಕ್ಷಣ ಬೇಕೆಂದು ರೋಮಿಗೆ ಸಲ್ಲಿಸಿದ್ದ ಮನವಿಯನ್ನು ಆಲಿಸಿದ ಪೋಪ್ ಹದಿಮೂರನೇ ಲಿಯೋ, 1878ರಲ್ಲಿ ಈ ಮಿಷನನ್ನು ಯೇಸುಸಭೆಗೆ ಒಪ್ಪಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಮೊದಲ ತಂಡದಲ್ಲಿ ಫಾದರ್ ಮುಲ್ಲರ್ ಇದ್ದರು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು ಅವರಿಗೆ ವಹಿಸಿದ ಕೆಲಸವಾಗಿತ್ತು.

ಇಲ್ಲಿಗೆ ಬರುವ ಮೊದಲೇ ಅವರಿಗೆ ಹೋಮಿಯೋಪತಿ ತಿಳಿದಿತ್ತು. ವಿದ್ಯಾರ್ಥಿಗಳಿಗೆ ಕೊಟ್ಟ ಔಷಧದ ಸುದ್ದಿ ಮನೆಯಿಂದ ಮನೆಗೆ ಹಬ್ಬಿ ರೋಗಿಗಳು ಹುಡುಕಿಕೊಂಡು ಬರತೊಡಗಿದರು. ಹೀಗೆ 1880ರಲ್ಲಿ ಕಂಕನಾಡಿಯ ಆಲದ ಮರದಡಿಯಲ್ಲಿ ಬಡವರ ಹೋಮಿಯೋಪತಿ ಔಷಧಾಲಯ ಹುಟ್ಟಿಕೊಂಡಿತು.

ಯೇಸುಸಭೆಯವರ ದಿನಚರಿಯನ್ನು ಬಲ್ಲವರಿಗೆ ಈ ಸೇವೆಯ ಬೇರು ಎಲ್ಲಿದೆ ಎಂಬುದು ಅರ್ಥವಾಗುತ್ತದೆ. ಆ ಕಾಲದ ನಿಯಮದಂತೆ ಮುಂಜಾನೆ ಒಂದು ಗಂಟೆಯ ಧ್ಯಾನ, ಬಳಿಕ ಬಲಿಪೂಜೆ, ಮಧ್ಯಾಹ್ನ ಮತ್ತು ರಾತ್ರಿ ಆತ್ಮಶೋಧನೆ. ಮಠವಾಸಿಗಳಂತೆ ದಿನಕ್ಕೆ ಹಲವು ಬಾರಿ ಒಟ್ಟಾಗಿ ಕೀರ್ತನೆಗಳನ್ನು ಹಾಡುವ ಕಟ್ಟಳೆ ಅವರಿಗಿಲ್ಲ. ಕರೆ ಬಂದಲ್ಲಿಗೆ ಎದ್ದು ಹೋಗಲು ಗುರುಗಳು ಸಿದ್ಧರಿರಬೇಕು ಎಂಬುದೇ ಸಂತ ಇಗ್ನೇಷಿಯಸರ ಆಶಯವಾಗಿತ್ತು. ಎರಡು ಪ್ರಾರ್ಥನೆಗಳ ನಡುವಿನ ಹೊತ್ತು ರೋಗಿಯ ಪಾಲಿನದು. ಸಂಜೆಯ ಆತ್ಮಶೋಧನೆಯಲ್ಲಿ ಆ ದಿನ ಕಂಡ ಮುಖಗಳೇ ದೇವರ ಮುಂದೆ ಬರುತ್ತವೆ.

ಊರಿನಿಂದ, ಮನೆಯಿಂದ ಹೊರದಬ್ಬಲ್ಪಟ್ಟ ಕುಷ್ಠರೋಗಿಗಳು ಇಂಥ ಮುಖಗಳಲ್ಲಿ ಸೇರಿದ್ದರು. 1889ರಲ್ಲಿ ಫಾದರ್ ದಾಮಿಯನ್ ದೂರದ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ ಅದೇ ರೋಗದಿಂದ ಪ್ರಾಣಬಿಟ್ಟಿದ್ದರು. ಮರುವರ್ಷ, 1890ರಲ್ಲಿ, ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠರೋಗಿಗಳ ಆಶ್ರಯಧಾಮವನ್ನು ತೆರೆದರು. 1895ರಲ್ಲಿ ಸಾಮಾನ್ಯ ರೋಗಿಗಳಿಗಾಗಿ ಆಸ್ಪತ್ರೆ ಬಂತು. 1896ರಲ್ಲಿ ಮುಂಬಯಿಯಲ್ಲಿ, 1898ರಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡಿದ್ದ ಪ್ಲೇಗ್ ಮಾರಿ ಕರಾವಳಿಯನ್ನೂ ಮುಟ್ಟಿದಾಗ, 1902ರಲ್ಲಿ ಪ್ಲೇಗ್ ಪೀಡಿತರಿಗೂ ಆಸ್ಪತ್ರೆಯ ಬಾಗಿಲು ತೆರೆಯಿತು. ಭಯದಿಂದ ಜನ ಓಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ ಬಂತು? ಕಂಕನಾಡಿಯಲ್ಲಿ ತಯಾರಾದ ಔಷಧಗಳು ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕೂ ಬಹಳ ಮೊದಲೇ ಆ ಪೊಟ್ಟಣಗಳು ಊರೂರು ತಲುಪಿದ್ದವು. ಕೊಳ್ಳಬಲ್ಲವರು ಕೊಟ್ಟ ಹಣ ಕೊಡಲಾರದವರ ಅನ್ನವಾಯಿತು. ಬ್ರಿಟಿಷ್ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು.

1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಫಾದರ್ ಮುಲ್ಲರ್ ಪ್ರಭುವಿನಲ್ಲಿ ನಿದ್ರಿಸಿದರು. ಆಗ ಅವರು ಮಂಗಳೂರಿಗೆ ಬಂದು ಮೂವತ್ತೊಂದು ವರ್ಷಗಳು ಕಳೆದಿದ್ದವು.

ಇಲ್ಲೊಂದು ಪ್ರಾಮಾಣಿಕ ಪ್ರಶ್ನೆ ಏಳುತ್ತದೆ. ಅವರ ಕಾಲದಲ್ಲಿ ಕುಷ್ಠರೋಗಕ್ಕೆ ಯಾವ ಪದ್ಧತಿಯಲ್ಲಿಯೂ ಖಚಿತ ಔಷಧವಿರಲಿಲ್ಲ. ರೋಗಾಣುವನ್ನು 1873ರಲ್ಲೇ ಹ್ಯಾನ್ಸನ್ ಗುರುತಿಸಿದ್ದರೂ, ಸಂಪೂರ್ಣ ಗುಣಪಡಿಸುವ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಹೋಮಿಯೋಪತಿಯ ಬಗ್ಗೆಯೂ ಇಂದಿನ ವಿಜ್ಞಾನಿಗಳಲ್ಲಿ ಹಲವರಿಗೆ ಬಲವಾದ ಸಂಶಯವಿದೆ. ಹಾಗಾದರೆ ಅವರು ಕೊಟ್ಟದ್ದೇನು? ಸೂರು, ಊಟ, ಹುಣ್ಣು ತೊಳೆಯುವ ಕೈ, ಹೆಸರು ಹಿಡಿದು ಕರೆಯುವ ದನಿ, ಸಾಯುವಾಗ ಪಕ್ಕದಲ್ಲೊಬ್ಬರು. ರೋಗ ಗುಣವಾಗದಿದ್ದರೂ ಮನುಷ್ಯನನ್ನು ಕೈಬಿಡಬಾರದು ಎಂಬುದನ್ನು ಅವರು ಬದುಕಿ ತೋರಿಸಿದರು.

ಅಂದು ನೆಟ್ಟ ಗಿಡ ಇಂದು ಹೆಮ್ಮರವಾಗಿದೆ. ಮಂಗಳೂರು ಧರ್ಮಪ್ರಾಂತ್ಯದ ಆಡಳಿತದಲ್ಲಿರುವ ಸಂಸ್ಥೆಯಲ್ಲಿ 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದವು. ಘಟ್ಟದ ಮೇಲೆಯೂ ಇಂಥ ಸೇವೆ ನಡೆದಿದೆ. ಬೆಂಗಳೂರಿನಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿರುವ ಸುಮನಹಳ್ಳಿ 1978ರಿಂದ ಕುಷ್ಠರೋಗ ಪೀಡಿತರಿಗೆ ಚಿಕಿತ್ಸೆ ಮತ್ತು ಪುನರ್ವಸತಿ ನೀಡುತ್ತಾ ಬಂದಿದೆ.

ಕಟ್ಟಡಗಳು ದೊಡ್ಡದಾದಂತೆ ರೋಗಿ ಒಂದು ಸಂಖ್ಯೆಯಾಗುವ ಅಪಾಯವೂ ದೊಡ್ಡದಾಗುತ್ತದೆ. ನಮ್ಮ ವಾರ್ಡುಗಳಲ್ಲಿ ಇಂದೂ ರೋಗಕ್ಕಿಂತ ಒಂಟಿತನದಿಂದ ಹೆಚ್ಚು ನರಳುವವರಿದ್ದಾರೆ. ಕುಷ್ಠರೋಗಕ್ಕೆ ಈಗ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದ್ದರೂ, ಸ್ಪರ್ಶಜ್ಞಾನವಿಲ್ಲದ ಮಚ್ಚೆಯನ್ನು ನಾಚಿಕೆಯಿಂದ ಮುಚ್ಚಿಡುವವರಿದ್ದಾರೆ. ಅವರನ್ನು ಮನೆಗೆ ಹೋಗಿ ಮಾತನಾಡಿಸಿ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ಯಾವ ಚರ್ಚಿನ ವಾಳೆಯವರಿಗೂ ಸಾಧ್ಯವಾದ ಕೆಲಸ. ಬೆಳಗಿನ ಪ್ರಾರ್ಥನೆಯಿಂದ ಎದ್ದು ರೋಗಿಯ ಕಡೆಗೆ ನಡೆದ ಫಾದರ್ ಮುಲ್ಲರರ ಹಾದಿ ನಮ್ಮದೂ ಆಗಲಿ.